ಒನೆಹುಂಗಾದ ವೇದಿಕೆಯ ಮೇಲೆ ಇಸಬೆಲ್ ಆಯಿಯ ಕೌದಿ

ಹೋದ ತಿಂಗಳು ಆಕ್ಲೆಂಡಿನ ಒನೆಹುಂಗಾ ಬಡಾವಣೆಯ ಮುಖ್ಯ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಗೆ ವಾಷರ್ ಹುಡುಕುತ್ತಿದ್ದೆ. ಪಕ್ಕದ ಸಾಲಿನಲ್ಲಿ ಅಂಗಡಿಯವನು ಗಿರಾಕಿಯೊಬ್ಬನಿಗೆ ಹೀಟ್ ಗನ್ ತೋರಿಸುತ್ತ, ನೆಲಕ್ಕೆ ಹಾಸುವ ಫೋಮ್ ಚಾಪೆಯ ತುಂಡಿನ ಮೇಲೆ ಬಿಸಿಗಾಳಿ ಬಿಟ್ಟ. ಸುಟ್ಟ ರಬ್ಬರಿನದೂ ಅಲ್ಲದ, ಕಾದ ಸಕ್ಕರೆಯದೂ ಅಲ್ಲದ ಒಂದು ವಾಸನೆ ಬಂತು. ವಾಷರ್ ಕೊಳ್ಳದೆ ಹೊರಗೆ ಬಂದೆ. 2016ರ ಚಳಿಗಾಲವಿಡೀ ನಮ್ಮ ಗ್ಯಾರೇಜಿನಲ್ಲಿ ತುಂಬಿದ್ದದ್ದು ಆ ವಾಸನೆ.

ಆಗ ನಾನು ಪಕ್ಕದ ಹಿಲ್ಸ್‌ಬರೋ ಬಡಾವಣೆಯ ಇಳಿಜಾರಿನಲ್ಲಿದ್ದ ಒಂದು ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದೆ. ಮೇಲೆ ಕ್ಲಾರಾ ಮತ್ತು ಅವಳ ಮಗಳು ಸೆಲಿನಾ ಇದ್ದರು. ದಾವಣಗೆರೆಯ ಪತ್ರಿಕೆಯೊಂದರಲ್ಲಿ ವರ್ಷಗಳ ಕಾಲ ಕೆಲಸ ಮಾಡಿ ಬಂದಿದ್ದ ನಾನು ಇಲ್ಲಿನ ಬಡಾವಣೆಯ ವಾರಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ಕ್ಲಾರಾ ಆಸ್ಪತ್ರೆಯಲ್ಲಿ ನರ್ಸ್. ಗಂಡ ತೀರಿಕೊಂಡ ಮೇಲೆ, ಐದು ವರ್ಷದ ಮಗಳನ್ನು ಕರೆದುಕೊಂಡು ಈ ದೇಶಕ್ಕೆ ಬಂದವಳು. ಆ ಮಗಳಿಗೆ ಆ ವರ್ಷ ಹದಿನೇಳು; ಶಾಲೆಯ ಕೊನೆಯ ವರ್ಷ.

ಕ್ಲಾರಾ ಹಳಿಯಾಳದ ಹತ್ತಿರದ ಹಳ್ಳಿಯೊಂದರ ಸಿದ್ದಿ ಹೆಂಗಸು. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಬಂದು, ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರ ವಂಶ ಅದು. ಬಣ್ಣವೂ ಗುಂಗುರು ಕೂದಲೂ ಆಫ್ರಿಕಾದ್ದು. ಮಾತು, ಊಟ, ಬೈಗುಳ ಎಲ್ಲ ಹಳಿಯಾಳದ್ದು. ಆಕ್ಲೆಂಡಿನ ಕನ್ನಡದವರ ಊಟದ ಕೂಟವೊಂದರಲ್ಲಿ ಬೆಂಗಳೂರಿನ ಆಂಟಿಯೊಬ್ಬರು ಅವಳ ಮಾತು ಕೇಳಿ, "ಅಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಕಲ್ತಿದೀರ್ರೀ!" ಎಂದು ಕೈ ಹಿಡಿದುಕೊಂಡರು.

"ನೀವೂ ಚಲೋ ಕಲತೀರಿ ಬಿಡ್ರಿ," ಎಂದಳು ಕ್ಲಾರಾ, ತಟ್ಟೆಗೆ ಚಿತ್ರಾನ್ನ ಹಾಕಿಕೊಳ್ಳುತ್ತ.

ಮನೆಗೆ ಬಂದು ಇಬ್ಬರೂ ನಕ್ಕೆವು. ಆದರೆ ಆ ಕೂಟಗಳಿಗೆ ಅವಳು ಮತ್ತೆ ಹೋಗಲಿಲ್ಲ. ಹುಬ್ಬಳ್ಳಿಯ ನರ್ಸಿಂಗ್ ಕಾಲೇಜಿನಲ್ಲಿ ಓದುವಾಗ ಗೆಳತಿಯರೊಡನೆ ಪ್ರವಾಸ ಹೋದರೆ ಅವಳೊಬ್ಬಳನ್ನು ಮಾತ್ರ ವಿದೇಶಿಯರ ಟಿಕೆಟಿನ ಸಾಲಿಗೆ ಕಳಿಸುತ್ತಿದ್ದರಂತೆ. "ಎಲ್ಲಿಯವಳು ಅಂತ ಹೇಳೂದರಾಗ ಅರ್ಧ ಆಯುಷ್ಯ ಹೋತ್ರಿ ಅಕ್ಕಾರ. ಸಾಕಾಗೇತಿ," ಎನ್ನುತ್ತಿದ್ದಳು. ಇಲ್ಲಿ ಆಸ್ಪತ್ರೆಯಲ್ಲಿ ಅವಳ ಎದೆಯ ಮೇಲೆ ಹೆಸರಿನ ಬಿಲ್ಲೆ ಇತ್ತು, ಕೇಳಿದರೆ 'ಇಂಡಿಯಾ' ಎಂಬ ಒಂದು ಮಾತಿನ ಉತ್ತರವಿತ್ತು. ಅಷ್ಟರಲ್ಲಿ ಅವಳಿಗೆ ನೆಮ್ಮದಿ.

ಸೆಲಿನಾಗೆ ಆ ಒಂದು ಮಾತು ಸಾಲುತ್ತಿರಲಿಲ್ಲ. ಶಾಲೆಯಲ್ಲಿ ಇಂಡಿಯಾದ ಮಕ್ಕಳು 'ನೀನು ನಮ್ಮವಳಲ್ಲ' ಎನ್ನುತ್ತಿದ್ದರು. ಸೊಮಾಲಿಯಾ, ಘಾನಾದ ಮಕ್ಕಳು 'ಯಾವ ದೇಶ?' ಎಂದು ಕೇಳಿ ಉತ್ತರಕ್ಕೆ ನಗುತ್ತಿದ್ದರು. ಅವಳು ಕಾಮಿಕ್ಸ್ ಬರೆಯುತ್ತಿದ್ದಳು. ಬಸ್ಸಿನಲ್ಲಿ, ಗಣಿತದ ತರಗತಿಯಲ್ಲಿ, ಊಟದ ಮೇಜಿನ ಮೇಲೆ, ಎಲ್ಲೆಂದರಲ್ಲಿ ಕಪ್ಪು ಪೆನ್ನಿನಲ್ಲಿ ಹೆಂಗಸರನ್ನು ಹಾರಿಸುತ್ತಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ತಾಯಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ.

ಆ ವರ್ಷದ ಆರಂಭದಲ್ಲಿ ಅವಳು ಒನೆಹುಂಗಾದಲ್ಲಿ ಶನಿವಾರ ಸೇರುತ್ತಿದ್ದ ಒಂದು ಗುಂಪಿಗೆ ಹೋಗತೊಡಗಿದಳು. ಕಾಮಿಕ್ಸ್, ಕಂಪ್ಯೂಟರ್ ಆಟ, ವೈಜ್ಞಾನಿಕ ಕಥೆಗಳಲ್ಲಿ ಮುಳುಗಿರುವವರನ್ನು ನರ್ಡ್ ಎನ್ನುತ್ತಾರಲ್ಲ, ಅಂಥ ಕಪ್ಪು ಹುಡುಗ ಹುಡುಗಿಯರ ಗುಂಪು. ಕಟ್ಟಿದವನು ಟೆಂಡೈ, ಜಿಂಬಾಬ್ವೆಯಲ್ಲಿ ಹುಟ್ಟಿ ಇಲ್ಲಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದವನು. ಊರಿನ ದೊಡ್ಡ ಕಾಮಿಕ್ಸ್ ಮೇಳಕ್ಕೆ ಒಮ್ಮೆ ವೇಷ ಹಾಕಿ ಹೋದಾಗ, 'ಆ ನಾಯಕ ಕಪ್ಪಗಿಲ್ಲವಲ್ಲ' ಎಂದು ಯಾರೋ ನಗುತ್ತ ಹೇಳಿದ್ದರಂತೆ. ಅಂದಿನಿಂದ ತಮ್ಮದೇ ಒಂದು ದಿನ ಮಾಡಬೇಕೆಂಬ ಹಟ ಅವನಿಗೆ. ಎಲ್ಲರಿಗೂ ಪ್ರವೇಶ, ಆದರೆ ನಡುವೆ ನಿಲ್ಲುವವರು ಕಪ್ಪು ಜನ. ನಿಯಮ ಎರಡೇ: ಬಂದವರಿಗೆ ಕಾಮಿಕ್ಸಿನ ಪರೀಕ್ಷೆ ಮಾಡಬಾರದು, ಎಲ್ಲಿಯವರೆಂದು ಕೇಳಬಾರದು. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

"ಯಾರೂ ಕೇಳಲ್ಲ ಆಂಟಿ," ಎಂದಳು ಸೆಲಿನಾ ಮೊದಲ ಸಲ ಹೋಗಿ ಬಂದ ದಿನ, ಇಂಗ್ಲಿಷಿನಲ್ಲೇ. "ಮೂರು ಗಂಟೆ ಕೂತಿದ್ದೆ. ಒಬ್ಬರೂ ಕೇಳಲಿಲ್ಲ."

ಜೂನ್ ಬರುವ ಹೊತ್ತಿಗೆ ಮೇಳದ ದಿನ ನಿಗದಿಯಾಯಿತು. ಆಗಸ್ಟಿನ ಒಂದು ಶನಿವಾರ, ಒನೆಹುಂಗಾದ ಸಭಾಭವನದಲ್ಲಿ. ಸೆಲಿನಾ ವೇಷ ಹಾಕಿ ವೇದಿಕೆ ಏರುತ್ತೇನೆಂದಳು. ಅವತ್ತು ಮೇಲಿನ ಅಡುಗೆಮನೆಯಲ್ಲಿ ನಾನೂ ಚಹಾ ಕುಡಿಯುತ್ತಿದ್ದೆ.

"ಬ್ಲ್ಯಾಕ್ ಅಂತ ಬೋರ್ಡ್ ಹಚಗೊಂಡು ನಿಲ್ಲಾಕ ಹೊಂಟಿಯೇನ?" ಎಂದಳು ಕ್ಲಾರಾ. "ನಾವು ಇಂಡಿಯಾದವರು. ನಿಮ್ಮಾಯಿ ಕಾಡಾಗ ಹುಟ್ಟಿ ಕಾಡಾಗ ಸತ್ಲು. ಆಫ್ರಿಕಾ ಎತ್ತಲಾಗೈತಿ ಅಂತ ಅಕಿಗೆ ಗೊತ್ತಿರ್ಲಿಲ್ಲ."

"ಬಟ್ ಐ ಆ್ಯಮ್ ಬ್ಲ್ಯಾಕ್, ಮಮ್ಮಿ. ಕನ್ನಡಿ ನೋಡು."

"ಕನ್ನಡಿ ನಾನೂ ನೋಡೀನಿ. ನಲವತ್ತು ವರ್ಷ ಮಂದಿ ತೋರಿಸ್ಯಾರ."

ಬೇಡ ಎಂದು ಕ್ಲಾರಾ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಸೆಲಿನಾ ನನ್ನ ಗ್ಯಾರೇಜಿನಲ್ಲಿ ಕೆಲಸ ಶುರುಮಾಡಿದಳು. ಟೆಂಡೈ ಕೊಟ್ಟ ಹೀಟ್ ಗನ್ನಿನಿಂದ ಫೋಮ್ ಚಾಪೆಗಳನ್ನು ಕಾಯಿಸಿ ಮಂಡಿಗೆ ಒತ್ತಿ ಬಗ್ಗಿಸಿ ಎದೆಗವಚ, ಭುಜದ ಕಾಪು, ಮುಂಗೈ ಪಟ್ಟಿ ಮಾಡಿದಳು. ಇಲ್ಲಿ ಜೂನ್‌ನಿಂದ ಚಳಿಗಾಲ; ಹೊರಗೆ ಮಳೆ. ಗೋಡೆಗಳಲ್ಲಿ ಬೂಷ್ಟು. ಬಣ್ಣ ಒಣಗಲು ಎರಡು ದಿನ ಬೇಕಾಗುತ್ತಿತ್ತು. ಬೆನ್ನಿಗೆ ಇಳಿಬೀಳುವ ಮೇಲುಹೊದಿಕೆಯ ಬಗ್ಗೆ ಕೇಳಿದರೆ, "ಬಟ್ಟೆ ಇದೆ ಆಂಟಿ, ಅದು ಸರ್‌ಪ್ರೈಸ್," ಎನ್ನುತ್ತಿದ್ದಳು. ಅದನ್ನು ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿದಳು.

ಜುಲೈ ಕೊನೆಯಲ್ಲಿ ಟೆಂಡೈ ಒಂದು ಚೀಲ ಮ್ಯಾಂಡರಿನ್ ಹಣ್ಣು ಹಿಡಿದು ಮನೆಗೆ ಬಂದ. ಅವರ ಕಡೆ ತಾಯಂದಿರನ್ನು ಮಕ್ಕಳ ಹೆಸರು ಸೇರಿಸಿ ಕರೆಯುವುದು ವಾಡಿಕೆ.

"ಮಾಯಿ ಸೆಲಿನಾ, ನೀವು ಬರಲೇಬೇಕು. ಬರದಿದ್ದರೆ ಇವಳು ಜಿಂಬಾಬ್ವೆಯವಳು ಎಂದು ಹೇಳಿ ನಾವೇ ಇಟ್ಟುಕೊಳ್ಳುತ್ತೇವೆ," ಎಂದ.

ಕ್ಲಾರಾ ನಕ್ಕಳು. "ಅಡಿಗಿ ಬರಂಗಿಲ್ಲ, ಬಟ್ಟಿ ಒಗಿಯಂಗಿಲ್ಲ. ಇಟಗೊಳ್ಳಿ ಅಂತ ಹೇಳ್ರಿ ಅಕ್ಕಾರ," ಎಂದು ನನ್ನಿಂದ ಇಂಗ್ಲಿಷಿಗೆ ಮಾಡಿಸಿದಳು. ಅವಳಿಗೇ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಸಲಿಗೆಯ ಮಾತನ್ನು ಮಾತ್ರ ಅವಳು ಇಂಗ್ಲಿಷಿನಲ್ಲಿ ಆಡುತ್ತಿರಲಿಲ್ಲ.

ಇನ್ನು ಕೌದಿಯ ವಿಷಯ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ. ಕ್ಲಾರಾಳ ತಾಯಿ, ಎಂದರೆ ಸೆಲಿನಾ ಆಯಿ ಎನ್ನುವ ಅಜ್ಜಿ, ಇಸಬೆಲ್ ಸಾಯುವ ಮುಂಚೆ ಕಣ್ಣು ಮಂಜಾದ ಮೇಲೂ ಕೂತು ಹೊಲಿದ ಒಂದು ಕೌದಿ ಇತ್ತು. ಅದರಲ್ಲಿ ಕ್ಲಾರಾಳ ಶಾಲೆಯ ನೀಲಿ ಲಂಗ, ತಂದೆಯ ಲುಂಗಿ, ಸೆಲಿನಾ ಹುಟ್ಟಿದಾಗ ಸುತ್ತಿದ ಹಳದಿ ಬಟ್ಟೆ ಎಲ್ಲ ಇದ್ದವು. ತಾಯಿ ತೀರಿಕೊಂಡಾಗ ಕ್ಲಾರಾಳ ಪಾಸ್‌ಪೋರ್ಟ್ ವೀಸಾ ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು, ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೆ ಊರಿಂದ ಬರುತ್ತಿದ್ದ ಇನ್ನೊಬ್ಬ ನರ್ಸಿನ ಕೈಯಲ್ಲಿ ತಂಗಿ ಈ ಕೌದಿ ಕಳಿಸಿದಳು. ಕ್ಲಾರಾ ಅದನ್ನು ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನಲ್ಲಿ ಇಟ್ಟಳು. ಈ ಊರಿನ ಮನೆಗಳಲ್ಲಿ ಬಟ್ಟೆ ಒಣಗಿ ಬೆಚ್ಚಗಿರುವ ಜಾಗ ಅದೊಂದೇ.

ಅದು ಬಂದ ದಿನ ಅವಳು ನನ್ನೆದುರು ಬಿಚ್ಚಿ ತೋರಿಸಿದ್ದಳು. ನಾಲ್ಕು ಮೂಲೆಗಳಲ್ಲಿ ಹಲವು ಪದರ ಮಡಚಿ ಹೊಲಿದ ಸಣ್ಣ ತ್ರಿಕೋನಗಳಿದ್ದವು.

"ಇವು ಹೂವ್ರಿ. ಹೂವು ಹಚ್ಚದಿದ್ರ ಕೌದಿ ಮುಗದಂಗಲ್ಲ. ಬತ್ತಲೆ ಇದ್ದಂಗ. ಬತ್ತಲೆ ಕೌದಿ ಯಾರೂ ಹೊದಿಯಂಗಿಲ್ಲ."

"ನಿನಗೂ ಹೊಲಿಯೋಕೆ ಬರುತ್ತಾ?"

"ಎಲ್ಲೀದ್ರಿ. ಒಂಬತ್ತನೇ ವರ್ಷಕ್ಕ ಹಾಸ್ಟೆಲಿಗೆ ಹಾಕಿದ್ರು. ನೀ ಸೂಜಿ ಮುಟ್ಟಬ್ಯಾಡ, ಪುಸ್ತಕ ಹಿಡಿ ಅಂತಿದ್ಲು ಅವ್ವ."

ಸೆಲಿನಾ ಅವತ್ತು ಶಾಲೆಯಲ್ಲಿದ್ದಳು. ಆಮೇಲೂ ಅವಳಿಗೆ ಯಾರೂ ಇದನ್ನು ಹೇಳಲಿಲ್ಲ. ತನ್ನ ತಾಯಿ ತನಗೆ ಸೂಜಿ ಬೇಡವೆಂದಂತೆ, ಕ್ಲಾರಾ ಮಗಳಿಗೆ ಹಳ್ಳಿಯ ಯಾವ ವಿಷಯವೂ ಬೇಡವೆಂದುಕೊಂಡಿದ್ದಳು. ಆಯಿ ಹೊಲಿದ ಕೌದಿ ಎಂಬುದಷ್ಟೇ ಹುಡುಗಿಗೆ ಗೊತ್ತಿತ್ತು.

ಮೇಳದ ಶನಿವಾರ ಬೆಳಗಿನಿಂದ ಮಳೆ. ನಾನು ಪತ್ರಿಕೆಗೆ ವರದಿ ಮಾಡಲು ಮುಂಚೆಯೇ ಹೋಗಿದ್ದೆ. ಸಭಾಭವನದ ಬಾಗಿಲಲ್ಲಿ ಒದ್ದೆ ಛತ್ರಿಗಳ ರಾಶಿ. ಒಳಗೆ ಬಿಸಿ ಅಂಟಿನ, ಹುರಿದ ಬಾಳೆಕಾಯಿಯ ವಾಸನೆ. ಬೆಳ್ಳಿಯ ಬಣ್ಣ ಬಳಿದ ಕವಚ ತೊಟ್ಟ ಇಥಿಯೋಪಿಯಾದ ಟ್ಯಾಕ್ಸಿ ಚಾಲಕ, ಕೈಯಲ್ಲಿ ಮರದ ಕತ್ತಿ ಹಿಡಿದ ಹಿಜಾಬಿನ ಹುಡುಗಿ, ಗಾಲಿಕುರ್ಚಿಯನ್ನೇ ಬಾಹ್ಯಾಕಾಶ ನೌಕೆಯಾಗಿ ಮಾಡಿಕೊಂಡ ಒಬ್ಬ ತರುಣ. ಅವನ ಹಿಂದೆ ಅವನ ತಾಯಿ ಗಗನಯಾತ್ರಿಯ ಹೆಲ್ಮೆಟ್ ಹಾಕಿಕೊಂಡು, ಇದರಲ್ಲಿ ಉಸಿರು ಕಟ್ಟುತ್ತದೆಂದು ಗೊಣಗುತ್ತ ಕುರ್ಚಿ ತಳ್ಳುತ್ತಿದ್ದಳು. ಮಾವೊರಿ, ಸಮೋವಾದ ಜನರೂ, ಬಿಳಿಯರೂ ಇದ್ದರು. ಒಂದು ಮೂಲೆಯಲ್ಲಿ ಕಾಮಿಕ್ಸ್ ಬರೆಯುವವರು, ಇನ್ನೊಂದರಲ್ಲಿ ಕೂದಲು ಹೆಣೆಯುವವರು. ಅಷ್ಟು ಜನ ಅಷ್ಟು ನಿರಾಳವಾಗಿ ನಗುವುದನ್ನು ನಾನು ಈ ಊರಿನ ಯಾವ ಸಮಾರಂಭದಲ್ಲೂ ನೋಡಿರಲಿಲ್ಲ.

ಮಧ್ಯಾಹ್ನ ವೇಷದವರ ಸರದಿ ಶುರುವಾಗುವ ಹೊತ್ತಿಗೆ ನನ್ನ ಪಕ್ಕ ಯಾರೋ ಬಂದು ನಿಂತರು. ಕ್ಲಾರಾ. ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದಳು, ಕೈಯಲ್ಲಿ ಶೇಂಗಾ ಉಂಡೆಯ ಡಬ್ಬಿ.

"ಡ್ಯೂಟಿ ಬದಲಿ ಮಾಡಕೊಂಡೆ," ಎಂದಳು. "ಅಕಿಗೆ ಹೇಳಿಲ್ಲ. ಇಷ್ಟ ಮಂದಿ ನಮ್ಮಂಗ ಇರೂದು ನಾ ನಮ್ಮೂರ ಬಿಟ್ರ ಎಲ್ಲೂ ನೋಡಿಲ್ರಿ."

ಅಲ್ಲಿನ ಪದ್ಧತಿ ಹೀಗಿತ್ತು: ವೇಷದವರು ವೇದಿಕೆಗೆ ಬಂದು ತಾವು ತೊಟ್ಟ ವೇಷದ ನಾಯಕನ ಹೆಸರು ಹೇಳಬೇಕು. ಆಗ ಸಭೆ ಒಂದೇ ದನಿಯಲ್ಲಿ, 'ನಿನ್ನ ಶಕ್ತಿ ಏನು?' ಎಂದು ಕೇಳುತ್ತದೆ. ಸೆಲಿನಾಳ ಸರದಿ ಬಂತು. ತಾಮ್ರದ ಬಣ್ಣದ ಎದೆಗವಚ, ಬಿಚ್ಚಿ ಬಿಟ್ಟ ಗುಂಗುರು ಕೂದಲು. ಭುಜದಿಂದ ಇಳಿಬಿದ್ದದ್ದು ಇಸಬೆಲ್ ಆಯಿಯ ಕೌದಿ. ಅದನ್ನು ಅರ್ಧವೃತ್ತವಾಗಿ ಕತ್ತರಿಸಲಾಗಿತ್ತು.

ಸೆಲಿನಾ ಮೈಕಿನ ಮುಂದೆ ನಿಂತು ಉಸಿರೆಳೆದುಕೊಂಡಳು. ಆಮೇಲೆ ಕನ್ನಡದಲ್ಲಿ ಶುರುಮಾಡಿದಳು.

"ನನ್ನ ಹೆಸರು ಇಸಬೆಲ್. ಅದು ನಮ್ಮಾಯಿ ಹೆಸರು. ಆಕಿ ಹಳಿಯಾಳದಾಕಿ. ಈ ಕೌದಿ ಆಕಿ ಹೊಲದಿದ್ದು."

ಸಭೆಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಸದ್ದಡಗಿತು. ಅವಳು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ನಿನ್ನ ಶಕ್ತಿ ಏನು, ಎಂದು ಸಭೆ ಕೇಳಿತು.

"ಇದನ್ನ ಹಾಕ್ಕೊಂಡ್ರ, ಎಲ್ಲಿಯವಳು ಅಂತ ಯಾರೂ ನಂಗ ಕೇಳಂಗಿಲ್ಲ," ಎಂದಳು. ಅದನ್ನೇ ಮತ್ತೆ ಇಂಗ್ಲಿಷಿನಲ್ಲೂ ಹೇಳಿದಳು.

ಜನ ಎದ್ದು ನಿಂತರು. ಟೆಂಡೈ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ನಾನು ಕ್ಲಾರಾಳ ಕಡೆ ನೋಡಿದೆ. ಅವಳ ಕಣ್ಣು ಮಗಳ ಮುಖದ ಮೇಲಿರಲಿಲ್ಲ. ಬಟ್ಟೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಆಮೇಲೆ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎಲ್ಲರೊಡನೆ ಚಪ್ಪಾಳೆ ತಟ್ಟಿದಳು. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಿದ್ದಳು.

ಸೆಲಿನಾ ಓಡಿ ಬಂದಳು. "ಮಮ್ಮಿ! ಯೂ ಕೇಮ್! ನನ್ನ ಕನ್ನಡ ಸರಿ ಇತ್ತಾ?" ಈ ಪ್ರಶ್ನೆಯೂ ಕನ್ನಡದಲ್ಲೇ ಇತ್ತು.

"ಸರಿ ಇತ್ತವಾ. ಭಾಳ ಚಲೋ ಇತ್ತು." ಕ್ಲಾರಾ ಕೌದಿಯ ತುದಿ ಹಿಡಿದು ನೋಡಿದಳು. ಕತ್ತರಿಸಿದ ಅಂಚಿನಲ್ಲಿ ಹೊಲಿಗೆ ಆಗಲೇ ಬಿಚ್ಚತೊಡಗಿ, ನೂಲಿನ ತುದಿಗಳು ಹೊರಗೆ ಬಂದಿದ್ದವು. "ಇಲ್ಲಿ ಮೂಲ್ಯಾಗ ತ್ರಿಕೋನ ಇದ್ವಲ್ಲ, ಅವೆಲ್ಲಿ?"

"ಓ, ಆ ಫ್ಲ್ಯಾಪ್ಸ್? ನಡೆದಾಗ ಪಟಪಟ ಅಂತಿದ್ವು. ಉಳಿದ ತುಂಡುಗಳ ಜೊತೆ ಬಿನ್ನಿಗೆ ಹಾಕ್ದೆ."

ಕಸದ ಲಾರಿ ಬುಧವಾರವೇ ಬಂದು ಹೋಗಿತ್ತು.

"ಹೂಂ," ಎಂದಳು ಕ್ಲಾರಾ. ಮಗಳ ಭುಜದ ಕಾಪನ್ನು ನೆಟ್ಟಗೆ ಮಾಡಿದಳು. "ಒಂದು ಫೋಟೋ ತೆಗೀರಿ ಅಕ್ಕಾರ, ಇಬ್ಬರದೂ."

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳು ಅಲ್ಲಿರಲಿಲ್ಲ. ಸಭಾಭವನದ ಅಡುಗೆಮನೆಯಲ್ಲಿ, ಗೋಡೆಗೆ ಕೂಡಿಸಿದ ಬಿಸಿನೀರಿನ ಪೆಟ್ಟಿಗೆಯ ನಲ್ಲಿ ತಿರುಗಿಸಿ ನಿಂತಿದ್ದಳು. ಲೋಟ ತುಂಬಿ ನೀರು ಸಿಂಕಿಗೆ ಹರಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸಿದೆ.

"ನಮ್ಮವ್ವನ್ನ ಬತ್ತಲೆ ಮಾಡಿ ಮಂದಿ ಮುಂದ ನಿಲ್ಲಿಸಿದಂಗಾತ್ರಿ," ಎಂದಳು. ಸೆರಗಿಲ್ಲದ ಸಮವಸ್ತ್ರದಲ್ಲಿ ಮುಖ ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ಪಾತ್ರೆ ಒರೆಸುವ ಬಟ್ಟೆ ತೆಗೆದುಕೊಂಡಳು. ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಅಕಿಗೆ ಹೇಳಬ್ಯಾಡ್ರಿ. ಅಕಿ ಮಾರಿ ನೋಡಿದ್ರಿಲ್ಲೋ? ಹುಟ್ಟಿದಾಗಿಂದ ಅಕಿ ಅಷ್ಟು ನಕ್ಕಿದ್ದು ನಾ ನೋಡಿಲ್ಲ," ಎಂದಳು.

ವರದಿ ಆ ವಾರ ಅಚ್ಚಾಯಿತು. ಅಜ್ಜಿಯ ಕೌದಿಯನ್ನು ಮೇಲುಹೊದಿಕೆ ಮಾಡಿಕೊಂಡ ಹುಡುಗಿಯ ಚಿತ್ರ ಮುಖಪುಟದಲ್ಲಿತ್ತು. ಕ್ಲಾರಾ ಓದಿ, "ಬರದಿದ್ದು ಎಲ್ಲಾ ಖರೇನ ಐತ್ರಿ," ಎಂದು ಪತ್ರಿಕೆಯನ್ನು ಮಡಚಿಟ್ಟಳು.

ಮುಂದಿನ ಹದಿನೈದು ದಿನ ಮೇಲಿನ ಮನೆಯಲ್ಲಿ ತಾಯಿ ಮಗಳು ಕನ್ನಡದಲ್ಲಿ ಮಾತಾಡಿಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಸೆಲಿನಾ ತಪ್ಪು ಮಾಡುತ್ತಿದ್ದಳು, ಕ್ಲಾರಾ ತಿದ್ದುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಇಷ್ಟಕ್ಕಾಗಿ ಕ್ಲಾರಾ ತನ್ನ ದುಃಖವನ್ನು ನುಂಗಿದ್ದಳು.

ಕೆಡಿಸಿದ್ದು ಫೋಟೋ. ಸೆಲಿನಾ ಹೆಮ್ಮೆಯಿಂದ ಅದನ್ನು ಊರಿನಲ್ಲಿದ್ದ ಚಿಕ್ಕಮ್ಮ ಫಿಲೋಮಿನಾಗೆ ಕಳಿಸಿದಳು. ಉತ್ತರ ಧ್ವನಿಸಂದೇಶವಾಗಿ ಬಂತು. ನಾವು ಮೂವರೂ ಮೇಜಿನ ಸುತ್ತ ಕೂತಿದ್ದಾಗ ಸೆಲಿನಾ ಅದನ್ನು ಎಲ್ಲರಿಗೂ ಕೇಳಿಸುವಂತೆ ಹಚ್ಚಿದಳು. ಕ್ಲಾರಾ ಕೈ ಚಾಚಿದಳು, ಅಷ್ಟರಲ್ಲಿ ತಡವಾಗಿತ್ತು.

"ಏನವಾ ಸೆಲಿನಾ, ಅವ್ವನ ಕೌದಿ ಕತ್ತರಿಸಿದಿ? ಹೂವೆಲ್ಲಿ? ಬತ್ತಲೆ ಕೌದಿ ಹೊದಕೊಂಡು ಅಷ್ಟ ಮಂದಿ ಮುಂದ ನಿಂತಿಯಲ್ಲ, ನಿಮ್ಮವ್ವ ಹೇಳಲಿಲ್ಲೇನ ನಿನಗ?"

ಸೆಲಿನಾ ಅದನ್ನು ಇನ್ನೊಮ್ಮೆ ಕೇಳಿದಳು. ಪ್ರತಿ ಮಾತೂ ಅವಳಿಗೆ ಅರ್ಥವಾಗಿತ್ತು. ಆಮೇಲೆ ಕ್ಲಾರಾ ಹೂವಿನ ವಿಷಯ ಹೇಳಿದಳು, ಕೆಳದನಿಯಲ್ಲಿ, ತಪ್ಪು ತನ್ನದೇ ಎಂಬಂತೆ.

"ಅಲ್ಲಿ ನಿಂತಾಗಲೇ ನಿನಗೆ ಗೊತ್ತಿತ್ತು," ಎಂದಳು ಸೆಲಿನಾ. ಇಂಗ್ಲಿಷಿಗೆ ಮರಳಿದ್ದಳು. "ಗೊತ್ತಿದ್ದೂ ಚಪ್ಪಾಳೆ ತಟ್ಟಿದೆ."

"ನಿನ್ನ ಮಾತು ಚಲೋ ಇತ್ತಲ್ಲವಾ..."

"ನನ್ನ ಕನ್ನಡ ಸರಿ ಇತ್ತು ಅಂದೆಯಲ್ಲ, ಅದೂ ಸುಳ್ಳಾ?"

ಅಲ್ಲ, ಅಲ್ಲ ಎಂದು ಕ್ಲಾರಾ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಮರುದಿನ ಶಾಲೆಗೆ ಹೋಗದೆ, ಒನೆಹುಂಗಾದ ಕೈಗಾರಿಕಾ ಬೀದಿಯ ಆಚೆಗಿರುವ ಕಸದ ಕೇಂದ್ರಕ್ಕೆ ಕರೆದುಕೊಂಡು ಹೋಗು ಎಂದು ನನ್ನನ್ನು ಕೇಳಿದಳು. ಹಳದಿ ಅಂಗಿಯ ಕೆಲಸಗಾರ ಮಳೆಯಲ್ಲೇ ನಿಂತು ಅವಳ ಮಾತು ಪೂರ್ತಿ ಕೇಳಿದ. ಸಾರಿ ಮಗಳೇ, ಬಂದದ್ದು ಆ ದಿನವೇ ಗುಂಡಿಗೆ ಹೋಗುತ್ತದೆ, ಎಂದ. ಅವಳು ಸ್ವಲ್ಪ ಹೊತ್ತು ಬೇಲಿ ಹಿಡಿದು ನಿಂತಿದ್ದು, ಕಾರಿಗೆ ಬಂದು ಕೂತಳು.

ಶನಿವಾರದ ಗುಂಪಿಗೆ ಅವಳು ಮತ್ತೆ ಹೋಗಲಿಲ್ಲ. ಟೆಂಡೈ ಮುಂದಿನ ವರ್ಷದ ಭಿತ್ತಿಚಿತ್ರಕ್ಕೆ ಅವಳ ಫೋಟೋವನ್ನೇ ಆರಿಸಿದ್ದ. ಬೇಡವೆಂದು ಅವಳು ಬರೆದ ಕೂಡಲೇ ತೆಗೆದ. ಯಾಕೆಂದು ಕೇಳಲಿಲ್ಲ. ಆ ಮರ್ಯಾದೆ ಅವನದು. ಅವನು ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಏನೋ, ನನಗೆ ತಿಳಿಯದು. ಮರುವರ್ಷ ಅವನು ಕೆಲಸದ ಮೇಲೆ ಬೇರೆ ಊರಿಗೆ ಹೋದ. ಆ ಮೇಳ ಮತ್ತೆ ನಡೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಕ್ಲಾರಾ ಸೂಜಿ ಹಿಡಿದಳು. ತನ್ನ ಹಳೆಯ ಸಮವಸ್ತ್ರವನ್ನು ಕತ್ತರಿಸಿ, ವಿಡಿಯೋದಲ್ಲಿ ತಂಗಿ ತೋರಿಸಿದಂತೆ ಮಡಚಿ, ಬಿಚ್ಚಿ, ಮತ್ತೆ ಮಡಚಿ ಹೊಲಿದಳು. ರಕ್ತ ತೆಗೆಯುವಾಗ ನಡುಗದ ಕೈ ಅದು. ಈ ಕೆಲಸದಲ್ಲಿ ಬೆರಳೆಲ್ಲ ಚುಚ್ಚಿಕೊಂಡಳು. ಹೂವುಗಳು ಸೊಟ್ಟಗಿದ್ದವು, ಆದರೆ ನಾಲ್ಕೂ ಆದವು. ಒಂದು ಭಾನುವಾರ ನನ್ನನ್ನು ಮೇಲೆ ಕರೆದು, ಕೌದಿಯನ್ನು ಮೇಜಿನ ಮೇಲೆ ಹರಡಿ, ಒಂದು ಮೂಲೆಗೆ ಹೂವು ಹಚ್ಚಿದಳು, ಇನ್ನೊಂದಕ್ಕೆ ಹಚ್ಚಿದಳು. ಮೂರನೆಯದನ್ನು ಕೈಯಲ್ಲಿ ಹಿಡಿದು ಬಟ್ಟೆಯನ್ನು ಸುತ್ತ ತಿರುಗಿಸಿದಳು. ಅರ್ಧವೃತ್ತಕ್ಕೆ ಇರುವುದು ಎರಡೇ ಮೂಲೆ. ನಾಲ್ಕು ಹೂವು ಮಾಡುವಷ್ಟು ದಿನವೂ ಅವಳಿಗಾಗಲಿ ನನಗಾಗಲಿ ಅದು ಹೊಳೆದಿರಲಿಲ್ಲ.

"ಇವೆರಡನ್ನ ಏನ್ ಮಾಡ್ಲಿ ಫಿಲೂ?" ಎಂದು ಫೋನಿನಲ್ಲಿದ್ದ ತಂಗಿಯನ್ನು ಕೇಳಿದಳು.

ಫಿಲೋಮಿನಾ, "ನಂಗೂ ಗೊತ್ತಿಲ್ಲಕ್ಕ. ಯಾರೂ ಹಿಂಗ ಮಾಡಿಲ್ಲಲ್ಲ," ಎಂದಳು.

ಫೆಬ್ರವರಿಯಲ್ಲಿ ಸೆಲಿನಾ ಓದಲು ದೇಶದ ದಕ್ಷಿಣ ತುದಿಯ ಡನೀಡಿನ್‌ಗೆ ಹೊರಟಳು. ಗೆಳತಿಯರ ಕಾರು ಬಾಗಿಲಿಗೆ ಬಂದಿತ್ತು. ದಕ್ಷಿಣದ ಚಳಿಯ ಬಗ್ಗೆ ಆಸ್ಪತ್ರೆಯಲ್ಲಿ ಎಲ್ಲರನ್ನೂ ಕೇಳಿಕೊಂಡು ಬಂದಿದ್ದ ಕ್ಲಾರಾ, ಮಗಳ ಚೀಲದ ಮೇಲೆ ಕೌದಿಯನ್ನು ಮಡಚಿ ಇಟ್ಟಿದ್ದಳು. ಸೆಲಿನಾ ಅದನ್ನು ಎರಡೂ ಕೈಯಿಂದ ಜೋಪಾನವಾಗಿ ತೆಗೆದು ತಾಯಿಗೆ ಕೊಟ್ಟಳು.

"ನಿನ್ನ ಹತ್ತಿರವೇ ಇರಲಿ, ಮಮ್ಮಿ. ನಾನು ಮತ್ತೆ ಅದಕ್ಕೇನಾದರೂ ಮಾಡಿಬಿಡುತ್ತೇನೆ," ಎಂದಳು ಇಂಗ್ಲಿಷಿನಲ್ಲಿ. ಕೋಪ ಇರಲಿಲ್ಲ. ತಾಯಿಯನ್ನು ತಬ್ಬಿಕೊಂಡಳು, ನನ್ನನ್ನೂ ತಬ್ಬಿಕೊಂಡಳು.

ಕಾರು ಇಳಿಜಾರಿನಲ್ಲಿ ಮರೆಯಾಯಿತು. ಬೇಸಿಗೆಯ ಬಿಸಿಲು ಚುರುಗುಟ್ಟುತ್ತಿತ್ತು. ಕ್ಲಾರಾ ಕೌದಿಯನ್ನು ಬಿಚ್ಚಿ ತಾನೇ ಹೊದ್ದುಕೊಂಡಳು. ಅದು ಬೆನ್ನನ್ನು ಮುಚ್ಚಿತು. ಎದೆಯ ಹತ್ತಿರ ಎಳೆದುಕೊಳ್ಳಲು ನೋಡಿದಳು, ಅಲ್ಲಿ ಬಟ್ಟೆ ಸಾಲಲಿಲ್ಲ. ಎರಡು ಸಲ ಎಳೆದು ಬಿಟ್ಟಳು.

"ನಡೀರಿ ಅಕ್ಕಾರ," ಎಂದಳು. "ನಂಗ ಡ್ಯೂಟಿ ಐತಿ."